ಅಡುಗೆಮನೇಲಿ ಒಂದು ಕಟ್ಟೆ: ಕಲ್ಲು, ಬ್ಲಾಕು, ಹಳೇ ಕೌದಿ

ದಿನಕ್ಕೆ ನಾಲ್ಕೈದು ತಾಸು ಅಡುಗೆಮನೇಲಿ ನಿಲ್ಲೋರಿಗೆ ಅಲ್ಲಿ ಕೂರೋಕೆ ಜಾಗ ಇದೆಯಾ? ಟಿ.ಬಿ. ಡ್ಯಾಂನ ನಮ್ಮ ಬಾಡಿಗೆ ಮನೇಲಿ ಇರಲಿಲ್ಲ. ಅಮ್ಮಂಗೆ ಮಂಡಿ ನೋವು, ನೆಲದ ಮೇಲೆ ಕೂರಂಗಿಲ್ಲ. ಹಾಗಾಗಿ ಸೊಪ್ಪು ಬಿಡಿಸೋದು, ಕೊನೆಗೆ ರೊಟ್ಟಿ ತಿನ್ನೋದು, ಎಲ್ಲಾ ನಿಂತ್ಕೊಂಡೇ. ಹಾಲ್‌ನಲ್ಲಿ ಸೋಫಾ ಇದೆ, ನಿಜ. ಆದ್ರೆ ಒಲೆ ಮೇಲೆ ಹಾಲಿಟ್ಟು ಯಾರು ಹಾಲ್‌ಗೆ ಹೋಗಿ ಕೂರ್ತಾರೆ?

ಮೊಬೈಲ್‌ನಲ್ಲಿ ಹುಡುಕಿದ್ರೆ ಬರೋದೆಲ್ಲ ಪ್ಲೈವುಡ್ ಡಬ್ಬಿ, ಮೇಲೆ ಫೋಮ್, ಗೋಡೆಗೆ ಸ್ಕ್ರೂ. ಬಾಡಿಗೆ ಮನೇಲಿ ಮೊಳೆ ಹೊಡೆಯೋಕೂ ಓನರ್‌ನ ಕೇಳಬೇಕು. ಸಿಂಕ್ ಪಕ್ಕದ ನೀರಿಗೆ ಅಗ್ಗದ ಪ್ಲೈವುಡ್ ಉಬ್ಬುತ್ತೆ. ನಮ್ಮ ಕಡೆ ಕೂರೋಕೆ ಮೊದಲಿಂದಲೂ ಇರೋದು ಕಲ್ಲಿನ ಕಟ್ಟೆ. ಅದನ್ನೇ ಒಳಗೆ ತಂದೆ, ಸಿಮೆಂಟ್ ಇಲ್ಲದೆ.

ಮೊದಲು ಅಳತೆ. ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ನೆಲದಿಂದ ಮಂಡಿಯ ಹಿಂಭಾಗದವರೆಗೆ ಟೇಪ್ ಹಿಡಿದ್ರೆ ಅಮ್ಮಂದು 17 ಇಂಚು. ಮಂಡಿ ನೋವಿರೋರಿಗೆ ಅರ್ಧ-ಒಂದು ಇಂಚು ಜಾಸ್ತಿ ಇದ್ರೆ ಏಳೋದು ಸುಲಭ, ತಗ್ಗಾದ್ರೆ ಕಷ್ಟ. ಈ ಒಂದು ಅಳತೆ ತಪ್ಪಿದ್ರೆ ಉಳಿದಿದ್ದೆಲ್ಲ ಎಷ್ಟು ಚೆಂದ ಇದ್ರೂ ವೇಸ್ಟು.

ತಂದಿದ್ದು 12 ಸಾಲಿಡ್ ಬ್ಲಾಕು: 16 ಇಂಚು ಉದ್ದ, 8 ಅಗಲ, 4 ದಪ್ಪ. ಒಂದರ ಮೇಲೊಂದು ನಾಲ್ಕು ಮಲಗಿಸಿದ್ರೆ 16 ಇಂಚು ಎತ್ತರದ ಒಂದು ಕಂಬ. ಎರಡು ತುದಿಗೆ ಒಂದೊಂದು, ನಡುವೆ ಇನ್ನೊಂದು. ಮೇಲೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಇಂಚು ದಪ್ಪದ ಶಹಾಬಾದ್ ಕಲ್ಲು. ನಡುವಿನ ಕಂಬ ಬಿಡಬೇಡ್ರಿ. ಕಲ್ಲು ಭಾರ ತಡೆಯುತ್ತೆ, ಬಾಗೋದನ್ನ ತಡೆಯಲ್ಲ. ಆಧಾರ ದೂರ ದೂರ ಇದ್ರೆ ಮಧ್ಯಕ್ಕೆ ಸೀಳುತ್ತೆ. ಹಂಪಿ ಮಂಟಪಗಳಲ್ಲಿ ಕಂಬಗಳು ಅಷ್ಟು ಒತ್ತೊತ್ತಾಗಿ ಇರೋದೂ ಇದಕ್ಕೇ.

ಕಲ್ಲು ಅಲುಗಾಡದಂಗೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಬ್ಲಾಕಿನ ಮೇಲೆ ಹಾಸಿದೆ. ಮೂಲೆಗಳನ್ನ ಕಲ್ಲಿನ ಅಂಗಡಿಯಲ್ಲೇ ಉಜ್ಜಿಸಿ ದುಂಡು ಮಾಡಿಸ್ರಿ, ಮನೇಲಿ ಮಕ್ಕಳಿದ್ರೆ ಅಂತೂ ಇದು ಬೇಕೇ ಬೇಕು. ಕಲ್ಲೊಂದೇ ಸುಮಾರು 55 ಕೆಜಿ, ಎತ್ತೋಕೆ ಇಬ್ಬರು ಬೇಕು. ಬ್ಲಾಕೆಲ್ಲ ಸೇರಿದ್ರೆ ಇನ್ನೂ 200 ಕೆಜಿ. ಆದ್ದರಿಂದ ಇದು ನೆಲಮಹಡಿಗೆ ಮಾತ್ರ. ಮೇಲಿನ ಮನೆಗೆ ಮರದ ಬೆಂಚೇ ಸಾಕು. ಆಟೋ ಬಾಡಿಗೆ ಸೇರಿ ನನಗೆ ₹2,000ದ ಒಳಗೆ ಮುಗೀತು.

ಈಗ ಗ್ಯಾಸ್ ವಿಷ್ಯ. ಕಟ್ಟೆ ಕೆಳಗೆ ಖಾಲಿ ಜಾಗ ಕಂಡ ಕೂಡ್ಲೇ ಮನೆಯವರೆಲ್ಲ ಹೇಳೋದು ಒಂದೇ, ಸಿಲಿಂಡರ್ ಇಲ್ಲಿ ಇಡಬಹುದಲ್ಲಾ ಅಂತ. ಬೇಡ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದ್ರೆ ಮೇಲೆ ಹೋಗಲ್ಲ, ನೆಲದ ಮಟ್ಟದಲ್ಲೇ ಹರಡಿ ಮೂಲೇಲಿ ನಿಲ್ಲುತ್ತೆ. ಸಿಲಿಂಡರ್ ಗಾಳಿ ಆಡೋ ಜಾಗದಲ್ಲಿ, ನೆಟ್ಟಗೆ, ರೆಗ್ಯುಲೇಟರ್ ಕೈಗೆ ಸಿಗೋ ಹಾಗೆ ಇರಬೇಕು. ಕಟ್ಟೆ ಕೆಳಗೆ ಈರುಳ್ಳಿ ಬುಟ್ಟಿ ಇಟ್ಕೊಳ್ಳಿ, ಗಾಳಿ ಆಡಿ ಅದಕ್ಕೂ ಒಳ್ಳೇದು. ಕಟ್ಟೆಯನ್ನ ಒಲೆಯಿಂದ ಮೂರಡಿನಾದ್ರೂ ದೂರ ಹಾಕ್ರಿ. ಸೆರಗು, ದುಪಟ್ಟಾ ಬೆಂಕಿ ಹತ್ರ ಹೋಗಬಾರದು.

ಮೇಲೆ ಹಾಸೋಕೆ ಫೋಮ್ ಯಾಕೆ ಬೇಡ ಅಂದ್ರೆ, ಒಗ್ಗರಣೆ ವಾಸನೆ, ಎಣ್ಣೆ ಜಿಡ್ಡು ಕುಡಿದುಬಿಡುತ್ತೆ, ಒಗೆಯೋಕೂ ಆಗಲ್ಲ. ಅಜ್ಜಿ ಹಳೇ ಸೀರೆ ಪದರ ಸೇರಿಸಿ ಹೊಲಿದ ಕೌದಿ ಟ್ರಂಕಿನಲ್ಲಿತ್ತು. ನಾಲ್ಕು ಮಡಿಕೆ ಮಾಡಿ ಹಾಸಿದ್ರೆ ಚಳಿಗಾಲದಲ್ಲೂ ಕಲ್ಲು ಕೊರೆಯಲ್ಲ. ದಿಂಬಿಗೆ ದುಡ್ಡು ಹಾಕೋದಾದ್ರೆ ಸಂಡೂರಿನ ಲಂಬಾಣಿ ಕಸೂತಿ ಕವರ್ ನೋಡ್ರಿ, ಭೌಗೋಳಿಕ ಸೂಚಿಕೆ ಟ್ಯಾಗ್ ಸಿಕ್ಕಿರೋ ಕಲೆ ಅದು. ಆದ್ರೆ ಕನ್ನಡಿ ಚೂರಿನ ಮೇಲೆ ಕೂರೋಕಲ್ಲ, ಬೆನ್ನಿಗೆ!

ಶಹಾಬಾದ್ ಸುಣ್ಣದ ಕಲ್ಲು. ಹುಣಸೆ, ನಿಂಬೆ ರಸ ಬಿದ್ರೆ ಮಂಕು ಕಲೆ ಉಳಿಯುತ್ತೆ, ಕೂಡ್ಲೇ ಒರೆಸಿಬಿಡಿ. ನಮ್ಮ ಕಟ್ಟೆ ಮೇಲೆ ಆಗ್ಲೇ ಎರಡು ಇವೆ. ಅಮ್ಮ ಅಲ್ಲೇ ಕೂತು ಹುಣಸೆಹಣ್ಣು ಬಿಡಿಸ್ತಾರೆ.