ಮರೆಯುವ ಮಗುವನ್ನು ಗದರಿಸಬೇಡಿ

ಸಹೋದರಿಯರೇ, ಅಲ್ಲಾಹನ ಕೃಪೆಯಿಂದ ನಿಮ್ಮ ಮಗು ಕ್ಯಾನ್ಸರ್‌ನಿಂದ ಗುಣಮುಖವಾಗಿ ಮತ್ತೆ ಶಾಲೆಗೆ ಹೋಗುತ್ತಿದೆಯೇ? ಆದರೆ ಹೇಳಿದ ಮಾತು ನೆನಪಿರುವುದಿಲ್ಲ, ಮಗ್ಗಿ ಮರೆಯುತ್ತದೆ, ಮದ್ರಸದ ಪಾಠವೂ ಹಿಂದುಳಿಯುತ್ತದೆ ಎಂಬ ಚಿಂತೆಯೇ? "ಸೋಮಾರಿ" ಎಂದು ಗದರಿಸುವ ಮುನ್ನ ಸ್ವಲ್ಪ ಯೋಚಿಸಿ.

ರಕ್ತದ ಕ್ಯಾನ್ಸರ್ ಮತ್ತು ಮೆದುಳಿನ ಗಡ್ಡೆಗೆ ನೀಡುವ ಚಿಕಿತ್ಸೆ ಜೀವ ಉಳಿಸುತ್ತದೆ. ಆದರೆ ತಲೆಗೆ ಕೊಡುವ ವಿಕಿರಣ, ಬೆನ್ನಿನ ಮೂಲಕ ಚುಚ್ಚುವ ಔಷಧಿಗಳಿಂದ ಕೆಲವು ಮಕ್ಕಳ ಗಮನಶಕ್ತಿ, ನೆನಪಿನಶಕ್ತಿ ಕುಂದಬಹುದು. ವರ್ಷಗಳ ನಂತರವೂ ಇದು ಕಾಣಿಸಿಕೊಳ್ಳಬಹುದು. ಅದು ಮಗುವಿನ ತಪ್ಪಲ್ಲ.

ಇದಕ್ಕೆ ದಾರಿಯೂ ಇದೆ. ಅಮೆರಿಕದ ಮೆಂಫಿಸ್ ನಗರದ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಯ ತಜ್ಞರು ಇಂತಹ 68 ಮಕ್ಕಳ ಅಧ್ಯಯನವನ್ನು 2015ರಲ್ಲಿ ಪ್ರಕಟಿಸಿದರು. ಒಂದು ಗುಂಪಿನ ಮಕ್ಕಳಿಗೆ ಮನೆಯಲ್ಲೇ ಕಂಪ್ಯೂಟರಿನಲ್ಲಿ 25 ಅವಧಿಗಳ ನೆನಪಿನ ಅಭ್ಯಾಸ ಮಾಡಿಸಲಾಯಿತು. ಮಗು ಸರಿಯಾಗಿ ಉತ್ತರಿಸಿದಂತೆಲ್ಲ ಪ್ರಶ್ನೆ ಕಠಿಣವಾಗುತ್ತಿತ್ತು. ತರಬೇತುದಾರರು ಫೋನಿನಲ್ಲಿ ಧೈರ್ಯ ತುಂಬುತ್ತಿದ್ದರು. ಅಭ್ಯಾಸ ಮಾಡದವರಿಗಿಂತ ಈ ಮಕ್ಕಳ ನೆನಪು, ಗಮನ ಹೆಚ್ಚು ಸುಧಾರಿಸಿತು.

ಇದು ಪವಾಡವಲ್ಲ, ನಿತ್ಯದ ಶ್ರಮ. ಎಲ್ಲ ಕಂಪ್ಯೂಟರ್ ಆಟಗಳೂ ಇಂತಹ ತರಬೇತಿಯಲ್ಲ. ಆದ್ದರಿಂದ ಮೊದಲು ವೈದ್ಯರನ್ನು ಕೇಳಿ, ಶಿಕ್ಷಕರಿಗೂ ಉಸ್ತಾದರಿಗೂ ವಿಷಯ ತಿಳಿಸಿ. ದುಆದ ಜೊತೆಗೆ ಪ್ರಯತ್ನವೂ ಇರಲಿ. ಆಸ್ಪತ್ರೆಯಲ್ಲಿ ನೀವು ತೋರಿದ ಸಹನೆ ಈಗ ಪಾಠದ ಪುಸ್ತಕದ ಮುಂದೆಯೂ ಬೇಕಾಗಿದೆ.