ಕಾಂಕ್ರೀಟಿಗೆ ಸಾಕ್ಷಿ ಯಾರು?

ಅಣುಸ್ಥಾವರಗಳ ಸುರಕ್ಷತೆಯ ಮಾತು ಬಂದಾಗಲೆಲ್ಲ ವಿಕಿರಣ, ತ್ಯಾಜ್ಯ, ಭೂಕಂಪಗಳ ಚರ್ಚೆ ನಡೆಯುತ್ತದೆ. ಸಿಮೆಂಟು, ಜಲ್ಲಿ, ಉಕ್ಕು, ಕೇಬಲ್ಲುಗಳ ಬಗ್ಗೆ ಯಾರೂ ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಕನ್ನಡಿಗರಾದ ನಾವಾದರೂ ಇವುಗಳನ್ನು ಮರೆಯಕೂಡದು ಎಂಬುದು ನನ್ನ ಅಭಿಪ್ರಾಯ.

1994ರ ಮೇ 13ರಂದು ಉತ್ತರ ಕನ್ನಡದ ಕೈಗಾದಲ್ಲಿ, ನಿರ್ಮಾಣ ಹಂತದಲ್ಲಿದ್ದ ಮೊದಲ ಘಟಕದ ಒಳಗುಮ್ಮಟದಿಂದ ಸುಮಾರು 130 ಟನ್ ಕಾಂಕ್ರೀಟು ಪದರವಾಗಿ ಕಳಚಿ ಬಿತ್ತು. ಕಾರ್ಮಿಕರು ಗಾಯಗೊಂಡರು. ಅಪಘಾತವಾದರೆ ವಿಕಿರಣ ಹೊರಸೂಸದಂತೆ ತಡೆಯಬೇಕಾದ ಕವಚವೇ ಅದು. ಯುರೇನಿಯಂ ಇನ್ನೂ ತುಂಬಿರಲಿಲ್ಲ ಎಂಬುದೊಂದೇ ಸಮಾಧಾನ.

ಬಿಗಿದ ಉಕ್ಕಿನ ಕೇಬಲ್ಲುಗಳು ಬಾಗಿದ ಗುಮ್ಮಟವನ್ನು ಪದರಪದರವಾಗಿ ಸೀಳುವಂತೆ ಎಳೆಯುತ್ತವೆ. ಆ ಬಲವನ್ನು ವಿನ್ಯಾಸಕಾರರು ಸರಿಯಾಗಿ ಗಣಿಸಿರಲಿಲ್ಲ. ಹಾಗಾಗಿ ತಪ್ಪನ್ನೆಲ್ಲ ಸಾಮಗ್ರಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಪರಿಹಾರಕ್ಕೆ ಎರಡೂ ಬೇಕಾದವು. ವಿನ್ಯಾಸವನ್ನು ತಿದ್ದಲಾಯಿತು, ಸಿಲಿಕಾ ಫ್ಯೂಮ್ ಬೆರೆಸಿದ, ಹೆಚ್ಚು ಬಲದ ಎಂ-60 ಕಾಂಕ್ರೀಟನ್ನು ಬಳಸಲಾಯಿತು. ಅದೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿರಂತರವಾಗಿ ನಡೆದು ಆಗ ವಿಶ್ವದಾಖಲೆ ಬರೆಯಿತು. ಕೆಲಸ ನಿಲ್ಲಿಸಿ ತಪ್ಪನ್ನು ತಿದ್ದಿದ್ದರಿಂದ ನಷ್ಟವೇನೂ ಆಗಲಿಲ್ಲವೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಕೈಗಾದ ದೋಷ ಕಣ್ಣಿಗೆ ಬಿತ್ತು. ಕಾಗದದಲ್ಲಿ ಅಡಗಿದ ದೋಷ ಹಾಗೆ ಬೀಳುವುದಿಲ್ಲ. ದಕ್ಷಿಣ ಕೊರಿಯಾದಲ್ಲಿ ನಿಯಂತ್ರಣ ಕೇಬಲ್ಲುಗಳ ಪರೀಕ್ಷಾ ವರದಿಗಳೇ ನಕಲಿಯೆಂದು 2013ರ ಮೇ ತಿಂಗಳಲ್ಲಿ ಬಯಲಾಯಿತು. ತುರ್ತು ಸಂದರ್ಭದಲ್ಲಿ ಸುರಕ್ಷಾ ವ್ಯವಸ್ಥೆಗೆ ಸಂಕೇತ ಒಯ್ಯಬೇಕಾದ ಕೇಬಲ್ಲುಗಳವು. ನಡೆಯುತ್ತಿದ್ದ ಎರಡು ರಿಯಾಕ್ಟರುಗಳನ್ನು ನಿಲ್ಲಿಸಿ ಅವುಗಳನ್ನು ಬದಲಾಯಿಸಬೇಕಾಯಿತು. ಅಲ್ಲಿ ನಿಯಮಗಳಿಗೆ ಕೊರತೆಯಿರಲಿಲ್ಲ. ಪ್ರಮಾಣಪತ್ರವನ್ನು ನಂಬಿದ್ದೇ ತಪ್ಪಾಯಿತು.

ಕೈಗಾದಲ್ಲೀಗ ತಲಾ 700 ಮೆಗಾವಾಟ್ ಸಾಮರ್ಥ್ಯದ ಮತ್ತೆರಡು ಘಟಕಗಳ ಯೋಜನೆಯಿದೆ. 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ 'ಶಾಂತಿ' ಮಸೂದೆ ಖಾಸಗಿ ಕಂಪನಿಗಳಿಗೂ ಈ ಕ್ಷೇತ್ರದ ಬಾಗಿಲು ತೆರೆದಿದೆ. 1983ರಲ್ಲಿ ಸರ್ಕಾರಿ ಆದೇಶದ ಮೂಲಕ ಹುಟ್ಟಿದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಶಾಸನಬದ್ಧ ಸ್ಥಾನಮಾನವನ್ನೂ ಅದರಲ್ಲಿ ಕಲ್ಪಿಸಲಾಗಿದೆ. ಇದು ಸ್ವಾಗತಾರ್ಹ. ಆದರೆ ಸ್ಥಾನಮಾನ ಸಿಕ್ಕಮಾತ್ರಕ್ಕೆ ಕಾಂಕ್ರೀಟು ಗಟ್ಟಿಯಾಗದು.

ಮಂಡಳಿಯೇ ನಿರ್ಮಾಣ ಸ್ಥಳದಲ್ಲಿ ಮಾದರಿಗಳನ್ನು ಸಂಗ್ರಹಿಸಲಿ. ಗುತ್ತಿಗೆದಾರರ ಹಂಗಿಲ್ಲದ ಪ್ರಯೋಗಾಲಯದಲ್ಲಿ ಅವುಗಳ ಪರೀಕ್ಷೆಯಾಗಲಿ. ಪೂರೈಕೆದಾರರು ಒಪ್ಪಿಸುವ ಪ್ರತಿಯೊಂದು ಪ್ರಮಾಣಪತ್ರವನ್ನು, ಅದನ್ನು ಕೊಟ್ಟ ಸಂಸ್ಥೆಯಲ್ಲೇ ತಾಳೆ ನೋಡಲಿ. ಫಲಿತಾಂಶ ಜನರಿಗೆ ತಿಳಿಯಲಿ. ಇದರಿಂದ ವೆಚ್ಚವೂ ವಿಳಂಬವೂ ಹೆಚ್ಚುತ್ತವೆಂಬ ಆಕ್ಷೇಪ ಬರಬಹುದು. ಮನೆಯ ತೊಲೆ ಕೆಟ್ಟರೆ ಬದಲಾಯಿಸಬಹುದು. ಇಂಧನ ತುಂಬಿದ ರಿಯಾಕ್ಟರಿನ ಕವಚವನ್ನು ಒಡೆದು ಮತ್ತೆ ಕಟ್ಟುವುದು ಸುಲಭದ ಮಾತಲ್ಲ. ಕಾಳಿ ನದಿಯ ದಡದ ಜನರಿಗೆ ಕೊಡಬೇಕಾದ ಭರವಸೆ ಮೊದಲ ಜಲ್ಲಿ ಬೀಳುವಾಗಲೇ ಸಿದ್ಧವಿರಬೇಕು.