ತಾರ್ಪಾಲಿನ ಅಡಿಯಲ್ಲೊಂದು ಜಾತ್ರೆ

"ಮೆಲ್ಲಗ, ಮೆಲ್ಲಗ! ಕತ್ತು ಮುರ್ದಾವು!" ಎನ್ನುತ್ತ ಆ ಮನೆಯ ಅವ್ವ ತಾರ್ಪಾಲಿನ ಅಂಚು ಎತ್ತಿದರು.

ನಂಜನಗೂಡಿನ ಪಕ್ಕದ ಹಳ್ಳಿ. ಪುಷ್ಯ ಮಾಸದ ಬೆಳಗಿನ ಆರೂವರೆ. ಹೊರಗೆ ಕಪಿಲಾ ಹೊಳೆಯಿಂದ ಎದ್ದ ಮಂಜು ಗದ್ದೆಬಯಲನ್ನೆಲ್ಲ ನುಂಗಿ ಕೂತಿದೆ, ಬಾಯಿ ತೆರೆದರೆ ಹೊಗೆ. ಒಳಗೆ, ಬಚ್ಚಲ ಹಂಡೆಯೊಲೆಗೆ ಬೆನ್ನು ಕೊಟ್ಟ ಪುಟ್ಟ ಕೋಣೆಯಲ್ಲಿ, ಒಂದರ ಮೇಲೊಂದು ಪೇರಿಸಿದ ಹತ್ತು ಟ್ರೇಗಳು. ಮೇಲಿನದನ್ನು ಎತ್ತಿ ನನ್ನ ಕೈಗಿಟ್ಟರು. ಬಗ್ಗಿ ನೋಡಿದೆ. ಅಯ್ಯೋ ಶಿವನೇ! ಹಿಂದಿನ ಸಂಜೆ ಬರೀ ತೆಂಗಿನ ನಾರಿನ ಪುಡಿ ತುಂಬಿಕೊಂಡಿದ್ದ 98 ಗುಳಿಗಳಲ್ಲಿ ಈಗ ಸಾಲುಸಾಲಾಗಿ ಬಿಳಿ ಕೊಕ್ಕೆಗಳು! ಒಂದೊಂದೂ ಬೆನ್ನು ಬಗ್ಗಿಸಿ, ತಲೆ ತಗ್ಗಿಸಿ, ಯಾರಿಗೋ ಅಡ್ಡಬೀಳುವ ಭಂಗಿಯಲ್ಲಿ ನಿಂತಿವೆ. ಕೆಲವು ತಮ್ಮ ಬೀಜದ ಸಿಪ್ಪೆಯನ್ನೇ ಟೋಪಿಯಂತೆ ಹೊತ್ತುಕೊಂಡಿವೆ. ಚೆಂಡುಹೂವು. ಬೀಜ ಹಾಕಿ ಅಂದಿಗೆ ನಾಲ್ಕೇ ದಿನ.

ಮನೆಯೊಳಗೆ ಯಾಕೆ ಎಂದು ಕೇಳಿದ್ದಕ್ಕೆ ಅವ್ವ ನನ್ನ ಸ್ವೆಟರನ್ನೇ ದಿಟ್ಟಿಸಿದರು. "ನಿಮ್ಗ ಚಳಿ ಆಯ್ತದ, ಅವ್ಕ ಆಗಲ್ವ?"

ಆಗುತ್ತದೆ! ಮೈಸೂರು ಸೀಮೆಯ ಮಾಗಿಯ ರಾತ್ರಿ 16 ಡಿಗ್ರಿ ಆಸುಪಾಸಿಗೆ ಇಳಿದರೆ ಮೆಣಸಿನಕಾಯಿ ಬೀಜ ಬೇಗ ಕದಲುವುದೇ ಇಲ್ಲ. ಅದಕ್ಕೆ ಬೇಕಾದದ್ದು 25ರಿಂದ 30 ಡಿಗ್ರಿ. ಬಯಲಿನ ಒಟ್ಲು ಪಾತಿಯಲ್ಲಿ, ಅಂದರೆ ಸಸಿಮಡಿಯಲ್ಲಿ, ಚೆಲ್ಲಿದ ಬೀಜ ಚಳಿಗೆ ಮುದುರಿ, ದಿನಗಟ್ಟಲೆ ಮಲಗಿ, ಕೊನೆಗೆ ಇರುವೆಗೋ ಕೊಳೆಗೋ ಊಟವಾಗುತ್ತದೆ. ಅದೇ ಬೀಜವನ್ನು ಟ್ರೇಗೆ ಹಾಕಿ, ಟ್ರೇಗಳನ್ನು ಪೇರಿಸಿ, ಪ್ಲಾಸ್ಟಿಕ್ ಹೊದಿಸಿ ಮೂಲೆಯಲ್ಲಿ ಇಟ್ಟರೆ ಒಳಗಿನ ಬಿಸುಪೂ ಹಸಿಯೂ ಹೊರಗೆ ಹೋಗುವಂತಿಲ್ಲ. ಟೊಮೆಟೊ ನಾಲ್ಕೈದು ದಿನಕ್ಕೆ ಏಳುತ್ತದೆ, ಬದನೆಗೆ ವಾರ ಬೇಕು, ಮೆಣಸಿನಕಾಯಿ ಮಾತ್ರ ಮನೆಯ ಹಿರಿಯಳಿಯನ ಹಾಗೆ, ಎಲ್ಲರ ಕೊನೆಗೆ.

ಬೀಜ ಸುಮ್ಮನೆ ಮಲಗಿರುತ್ತದೆ ಎಂದುಕೊಂಡವನು ನಾನು. ಆದರೆ ಅದು ಉಸಿರಾಡುತ್ತದೆ! ನೀರು ಕುಡಿದ ಗಳಿಗೆಯಿಂದ ತನ್ನೊಳಗಿನ ಬುತ್ತಿ ಬಿಚ್ಚಿ, ಕರಗಿಸಿ, ಉಣ್ಣತೊಡಗುತ್ತದೆ, ಮೈ ಬಿಸಿ ಮಾಡಿಕೊಳ್ಳುತ್ತದೆ. ನಂಬದಿದ್ದರೆ ತಿರುಮಕೂಡಲು ನರಸೀಪುರದ ಕಡೆ ಬನ್ನಿ. ಬೇಸಿಗೆ ಭತ್ತದ ಒಟ್ಲಿಗೆಂದು ನೆನೆಸಿ, ಗೋಣಿಚೀಲಕ್ಕೆ ತುಂಬಿ, ಹುಲ್ಲು ಮುಚ್ಚಿ, ಮೇಲೆ ಕಲ್ಲು ಹೇರಿಟ್ಟ ಭತ್ತದೊಳಗೆ ಕೈ ತೂರಿಸಿ ನೋಡಿ. ಜ್ವರ ಬಂದ ಮಗುವಿನ ಹೊಟ್ಟೆಯ ಹಾಗೆ ಸುಡುತ್ತಿರುತ್ತದೆ. ಅದಕ್ಕೆ ಬೆಂಕಿ ಹಾಕಿದವರು ಯಾರೂ ಇಲ್ಲ!

ಆ ಊರಿನಲ್ಲೇ ನನಗೆ ಇನ್ನೊಂದು ಹೊಳೆಯಿತು, ಹೊಳೆದು ಅರ್ಧ ದಿನ ಮಾತೇ ಹೊರಡಲಿಲ್ಲ. ನರಸೀಪುರ ರೇಷ್ಮೆಯ ಊರು, ನೂಲು ತೆಗೆಯುವ ಸರ್ಕಾರಿ ಕಾರ್ಖಾನೆ ಇರುವ ಊರು. ಎಳೆಯ ರೇಷ್ಮೆಹುಳುಗಳನ್ನು ಸಾಕುವ ಚಾಕಿ ಕೋಣೆಯಲ್ಲಿ ಇಡುವ ಶಾಖ 27–28 ಡಿಗ್ರಿ. ಮೆಣಸಿನಕಾಯಿ ಬೀಜ ಬೇಡುವುದೂ ಅದನ್ನೇ! ಅಷ್ಟೇ ಆಗಿದ್ದರೆ ಕಾಕತಾಳೀಯ ಎನ್ನಬಹುದಿತ್ತು. ರೇಷ್ಮೆ ಮೊಟ್ಟೆಗಳೆಲ್ಲ ಒಟ್ಟಿಗೆ ಒಡೆಯಲಿ ಎಂದು ಅವನ್ನು ಕಪ್ಪು ಕಾಗದದಲ್ಲಿ ಸುತ್ತಿಟ್ಟು, ಸರಿಯಾದ ಬೆಳಗಿನಲ್ಲಿ ಬೆಳಕಿಗೆ ಬಿಚ್ಚುತ್ತಾರೆ. ಅವ್ವ ತಾರ್ಪಾಲು ಎತ್ತಿದ್ದು ಮತ್ತಿನ್ನೇನು? ಹುಳಕ್ಕೂ ಹೂವಿಗೂ ಒಂದೇ ಬಾಣಂತನ!

ಆ "ಸರಿಯಾದ ಬೆಳಗು" ಇದೆಯಲ್ಲ, ಗುಟ್ಟೆಲ್ಲ ಅಲ್ಲಿದೆ. ಕತ್ತಲಲ್ಲಿರುವಷ್ಟು ಹೊತ್ತು ಮೊಳಕೆ ಕೊಕ್ಕೆಯಾಗಿ ಬಗ್ಗಿಯೇ ಇರುತ್ತದೆ, ಸುಳಿಗೆ ಪೆಟ್ಟಾಗದಂತೆ ಬೆನ್ನಿನಿಂದ ಮಣ್ಣು ದೂಡುತ್ತದೆ. ಬೆಳಕು ತಾಗಿದ್ದೇ ತಡ, ನೆಟ್ಟಗಾಗಿ ಬೀಜದೆಲೆ ಬಿಚ್ಚಿ ಹಸಿರೇರುತ್ತದೆ. ಒಂದು ದಿನ ತಡವಾಗಿ ಎತ್ತಿದಿರೋ, ಬೆಳಕು ಹುಡುಕಿ ಹುಡುಕಿ ದಾರದಂತೆ ಸಣಕಲಾಗಿ ಉದ್ದಕ್ಕೆ ಬೆಳೆದು ಮಗುಚಿಕೊಳ್ಳುತ್ತದೆ. ಇನ್ನು ಪೆಟೂನಿಯದಂಥ ಧೂಳಿನ ಕಣದ ಬೀಜಗಳದ್ದು ಬೇರೆಯೇ ಹಟ: ಮಣ್ಣು ಮುಚ್ಚಲೇಬಾರದು, ಬೆಳಕು ಕಂಡರೇ ಕಣ್ಣು ಬಿಡುವುದು. ಲೆಟ್ಯೂಸ್ ಸೊಪ್ಪಿನ ಬೀಜಕ್ಕೆ ಕೆಂಪು ಬೆಳಕು ತೋರಿದರೆ ಮೊಳೆಯುತ್ತದೆ, ಹಿಂದೆಯೇ ಕಡುಗೆಂಪಿನಾಚೆಯ ಬೆಳಕು ತೋರಿದರೆ ಸುಮ್ಮನಾಗುತ್ತದೆ ಎಂದು 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನ ವಿಜ್ಞಾನಿಗಳು ತೋರಿಸಿಕೊಟ್ಟರು. ಕಣ್ಣಿಲ್ಲದ ಕಾಳು ಬಣ್ಣ ಗುರುತಿಸುತ್ತದೆ!

(ನಂಜನಗೂಡಿನ ಹೆಸರನ್ನು ಊರೂರಿಗೆ ಒಯ್ದ ರಸಬಾಳೆಗೆ ಮಾತ್ರ ಈ ಸಂಭ್ರಮ ಯಾವುದೂ ಇಲ್ಲ. ಅದು ಕಂದಿನಿಂದಲೇ ಕಂದು, ಬೀಜದ ಮುಖವನ್ನೇ ಕಾಣದ್ದು.)

ಟ್ರೇ, ನಾರಿನ ಪುಡಿ, ನೆರಳುಬಲೆ ಇವೆಲ್ಲ ಈಚಿನವು. ಪಕ್ಕದ ಸುತ್ತೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅಲ್ಲಿನ ಜಾತ್ರೆಯ ಕೃಷಿಮೇಳಕ್ಕೆ ಹೋದವರಿಗೆ ಇದೇನೂ ಹೊಸದಾಗಿ ಕಾಣಲಿಕ್ಕಿಲ್ಲ. ಆದರೆ ಅವ್ವನ ಅಡುಗೆಮನೆ ಗೋಡೆಯ ಮೇಲೆ ಸೋರೆ, ಹೀರೆ ಬೀಜ ಒತ್ತಿದ ಸಗಣಿ ಬಿಲ್ಲೆಗಳು ಇನ್ನೂ ಅಂಟಿಕೊಂಡಿವೆ. ಬೇಕಾದಾಗ ಕಿತ್ತು, ನೆನೆಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಒಲೆಯ ಮಗ್ಗುಲಲ್ಲಿ ಇಡುತ್ತಾರಂತೆ. ಬಾಯಿಬಿಟ್ಟ ಬೀಜವೇ ಪಾತಿಗೆ ಇಳಿಯುವುದು.

ನಾನೂ ಮನೆಯಲ್ಲಿ ಮಾಡಿ ನೋಡಿದೆ. ಪ್ರೀತಿ ಹೆಚ್ಚಾಗಿ ದಿನಕ್ಕೆ ಮೂರು ಸಲ ನೀರು ಹನಿಸಿದೆ. ಬುಡ ಕೊಳೆತು ಟೊಮೆಟೊ ಪೈರೆಲ್ಲ ಒಂದೇ ರಾತ್ರಿ ನೆಲ ಕಚ್ಚಿತು. ಅವ್ವನಿಗೆ ಹೇಳಿದರೆ ಗಟ್ಟಿಯಾಗಿ ನಕ್ಕರು. ನಾರಿನ ಪುಡಿಯನ್ನು ಬೆರಳಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಷ್ಟೇ ಹಸಿ ಸಾಕು.

ಆ ಬೆಳಗು ಅವರು ಬೆರಳು ಮಡಿಸುತ್ತ ಲೆಕ್ಕ ಹಾಕುತ್ತಿದ್ದರು. ಟ್ರೇಯಲ್ಲಿ ಇಪ್ಪತ್ತೈದು ದಿನ, ಹೊಲದಲ್ಲಿ ನಾಟಿ, ಅಲ್ಲಿಂದ ಒಂದೂವರೆ ತಿಂಗಳಿಗೆ ಮೊದಲ ಕೊಯ್ಲು. ಫಾಲ್ಗುಣಕ್ಕೆ ಸರಿಯಾಗಿ. ನಂಜನಗೂಡಿನ ಶ್ರೀಕಂಠೇಶ್ವರನ ದೊಡ್ಡಜಾತ್ರೆ, ಐದು ತೇರು! ಅಂದು ಊರಿಗೆ ಬೇಕಾಗುವ ಹೂವಿನ ಒಂದು ಪಾಲು ಇಲ್ಲಿ, ಹಂಡೆಯೊಲೆಯ ಹಿಂದೆ, ಬೆನ್ನು ಬಗ್ಗಿಸಿ ಕಾಯುತ್ತಿದೆ.

ಒಂಬತ್ತು ಟ್ರೇ ನೆರಳುಬಲೆಯ ಕೆಳಗೆ ಹೋದವು. ಕೊನೆಯದು ಮೆಣಸಿನಕಾಯಿ; ಆರನೇ ದಿನವಾದರೂ ಒಂದೂ ತಲೆ ಎತ್ತಿರಲಿಲ್ಲ. ಅವ್ವ ಅಂಗೈಯನ್ನು ಅದರ ಮೇಲೆ ಇಟ್ಟು ನೋಡಿದರು. "ಇನ್ನೆರಡ್ ದಿನ ಮನಿಕ್ಕಳ್ಳಿ" ಎಂದು ತಾರ್ಪಾಲು ಹೊದಿಸಿ, ಮಂಜಿನೊಳಗೆ ಸೌದೆ ತರಲು ಹೋದರು.